ಸೊನ್ನೆಗೂ ಒಂದು ಮನೆ

ನಮ್ಮ ಕ್ಲಬ್ಬಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಅಂಕ ತೋರಿಸುವ ದೀಪದ ಬೋರ್ಡು ಕಟ್ಟಿದವಳು ಸುಲ್ಮ ಲೆಮಾ. ಉರುಗ್ವೆ ನದಿಯ ಈ ದಡದಲ್ಲಿ ಅಂಥ ಇನ್ನೊಬ್ಬಳನ್ನು ತೋರಿಸಿ ನೋಡೋಣ! ಹಗಲಿಡೀ ಮಾಂಸದ ಕಾರ್ಖಾನೆಯಲ್ಲಿ ಮೋಟಾರು ರಿಪೇರಿ ಮಾಡಿ, ಸಂಜೆ ಶಾಲೆಗೆ ಹೋಗಿ ಕಂಪ್ಯೂಟರಿನ ಸಿ ಭಾಷೆ ಕಲಿತವಳು. ಮಾತು ಕಡಿಮೆ. ಕ್ಯಾಂಟೀನಿನಲ್ಲಿ ರೊಟ್ಟಿ ಕರಿಯುವ ನಾನು ಅವಳ ಪಾಲಿನದನ್ನೂ ಸೇರಿಸಿ ಮಾತಾಡುತ್ತೇನೆ. ಒಂದೇ ಬೀದಿಯವರು ನಾವು, ಒಂದೇ ಸೋರೆಬುರುಡೆಯಿಂದ ಮಾಟೆ ಕಷಾಯ ಹೀರುವವರು.

ಅವಳ ಮಗ ದಾರ್ದೊ ತಂಡದಲ್ಲಿ ಹತ್ತನೆಯ ನಂಬರಿನ ಅಂಗಿಯವನು. ಅಪ್ಪ ಯಾರೆಂದು ಸುಲ್ಮ ಯಾರಿಗೂ ಹೇಳಿರಲಿಲ್ಲ, ಅವನಿಗೂ. ನಮ್ಮಲ್ಲಿ ಮಕ್ಕಳಿಗೆ ಮೊದಲು ಅಪ್ಪನ ಮನೆತನದ ಹೆಸರು, ಅದರ ಬೆನ್ನಿಗೆ ಅಮ್ಮನದು. ದಾರ್ದೊನಿಗಿದ್ದದ್ದು ಅಮ್ಮನ ಕಡೆಯದು ಮಾತ್ರ. ಊರಿನವರು ದನದ ವ್ಯಾಪಾರಿ ಎವಾರಿಸ್ತೊ ಎಚೆವೆರ್ರಿಗರಾಯ್‌ನ ಮೂಗು ನೋಡಿ, ದಾರ್ದೊನ ಮೂಗು ನೋಡಿ, ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದರು.

ಈ ವರ್ಷ ಎವಾರಿಸ್ತೊನ ಮದುವೆಯ ಹೆಂಡತಿಯ ಮಗ ಒಂಬತ್ತನೆಯ ಅಂಗಿ ತೊಟ್ಟು ತಂಡಕ್ಕೆ ಬಂದ. ಮೊದಲ ಪಂದ್ಯದಲ್ಲೇ ಚೆಂಡನ್ನು ಬುಟ್ಟಿಗೆ ಹಾಕಿದ. ಬೋರ್ಡಿನಲ್ಲಿ ಹೆಸರು ಬೆಳಗಿತು: ಎಚೆವೆರ್ರಿಗರಾಯ್‌ಲೆಮಾ.

ಅಯ್ಯೋ ನನ್ನ ದೇವರೇ! ಅಪ್ಪ ಎಚೆವೆರ್ರಿಗರಾಯ್, ಅಮ್ಮ ಲೆಮಾ! ಊರೆಲ್ಲ ಇಷ್ಟು ವರ್ಷ ಬಾಯೊಳಗಿಟ್ಟುಕೊಂಡದ್ದು ಕೆಂಪು ದೀಪದಲ್ಲಿ ಉರಿಯುತ್ತಿತ್ತು. ಎಲ್ಲರೂ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು.

"ಸುಲ್ಮಾ, ಆರಿಸೇ ಅದನ್ನ!" ಎಂದು ಕಿರುಚಿದೆ. ಅವಳು ಹೆಸರುಗಳನ್ನೆಲ್ಲ ಆರಿಸಿದಳು.

ಪಂದ್ಯ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕೂತು ಕಂಪ್ಯೂಟರ್ ತೆರೆದು ನೋಡಿದಳು. "ನನ್ನದೇ ತಪ್ಪು ಕಣೇ. ಸ್ಪ್ಯಾನಿಷಿನಲ್ಲಿ ಬರೆದ್ರೆ ಆ ಹೆಸರು ಹದಿನೈದು ಅಕ್ಷರ. ಪ್ರತಿ ಹೆಸರಿಗೂ ನಾನು ಕೊಟ್ಟಿದ್ದು ಹದಿನೈದೇ ಮನೆ."

"ಸರಿಯಾಗೇ ಇದೆಯಲ್ಲೇ ಲೆಕ್ಕ?"

"ಎಲ್ಲಿ ಸರಿ? ಹೆಸರಿನ ಉದ್ದ ಬೇರೆ, ಜಾಗದ ಅಳತೆ ಬೇರೆ. ಇಲ್ಲಿಗೆ ಮುಗೀತು ಅನ್ನೋಕೆ ಕೊನೇಲಿ ಒಂದು ಸೊನ್ನೆ ಕೂರ್ಬೇಕು. ಅದಕ್ಕೂ ಒಂದು ಮನೆ ಬೇಕು. ಇಲ್ದಿದ್ರೆ ಎಲ್ಲಿ ನಿಲ್ಲಬೇಕೋ ಗೊತ್ತಾಗದೆ ಪಕ್ಕದ್ದನ್ನೂ ಓದ್ಕೊಂಡು ಹೋಗುತ್ತೆ. ಪಕ್ಕದ್ದು ನಮ್ಮ ದಾರ್ದೊನ ಹೆಸರು."

"ಇಷ್ಟು ತಪ್ಪಾದ್ರೂ ಆ ಕಂಪ್ಯೂಟರ್ ನಿನ್ನ ಬೈಯಲ್ವಾ?"

"ಸಿ ಭಾಷೆ ಇದಕ್ಕೆಲ್ಲ ಬೈಯಲ್ಲ ಮಾರಾಯ್ತಿ. ಕೊಟ್ಟಷ್ಟು ಜಾಗದಲ್ಲಿ ತುಂಬಿ ಸುಮ್ಮನಾಗುತ್ತೆ."

ದಾರ್ದೊ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಅಮ್ಮಾ, ಅದು ತಪ್ಪಾ, ನಿಜಾನಾ?"

ಸುಲ್ಮ ಅವನ ಮುಖ ನೋಡಿದಳು. "ಬೋರ್ಡು ತಪ್ಪು, ಮಗಾ. ತೋರಿಸಿದ್ದು ನಿಜ."

ಅವನು ಕೂತ. "ಅವರಿಗೆ ಗೊತ್ತಾ?"

"ನೀನು ಹುಟ್ಟಿದಾಗಿಂದ."

"ಹಾಗಾದ್ರೆ ಅವರ ಬಾಯಿಂದ ಕೇಳ್ಬೇಕಮ್ಮಾ ನಾನು. ಒಂದ್ಸಲ ಸಾಕು." ಆ ಹುಡುಗನನ್ನು ಎತ್ತಿ ಆಡಿಸಿದವಳು ನಾನು. ಒಂದು ಬಿಸಿ ರೊಟ್ಟಿ ಅವನ ಮುಂದಿಟ್ಟೆ.

ಎವಾರಿಸ್ತೊ ತಾನಾಗಿಯೇ ಬಂದ, ಮರುದಿನ ಸಂಜೆ ಸುಲ್ಮ ಕ್ಯಾಂಟೀನಿನಲ್ಲಿದ್ದಾಗ. ಬೈಯಲು ಬಂದನೆಂದು ನಾನು ಸೌಟು ಹಿಡಿದು ಸಿದ್ಧಳಾದೆ. ಅವನು ಟೋಪಿ ತೆಗೆದು, "ಸುಲ್ಮ, ಅದನ್ನ ಹಾಗೇ ಬಿಡು. ಊರು ಓದ್ಕೊಳ್ಳಲಿ. ನಾನು ಅಲ್ಲ ಅನ್ನಲ್ಲ" ಅಂದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ನನ್ನ ಮೈಯೆಲ್ಲ ಉರಿದುಹೋಯಿತು. "ಹೆತ್ತ ಮಗನ್ನ ಬೋರ್ಡ್ ಕೈಲಿ ಒಪ್ಕೋತೀರಾ? ಥೂ, ನಾಚಿಕೆ ಆಗಲ್ವಾ?"

"ನೀನು ಸುಮ್ನಿರೇ," ಎಂದಳು ಸುಲ್ಮ. ಅವನ ಕಡೆ ತಿರುಗಿ, ರೊಟ್ಟಿಯ ಬೆಲೆ ಹೇಳುವಷ್ಟು ಸಮಾಧಾನವಾಗಿ, "ದೋನ್ ಎವಾರಿಸ್ತೊ, ಅದು ತಪ್ಪು. ತಪ್ಪಿದ್ದನ್ನ ನಾನು ತಿದ್ತೀನಿ. ಹೇಳೋದಿದ್ರೆ ನೀವೇ ಹೇಳಿ. ಅವನು ಕಾಯ್ತಿದ್ದಾನೆ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಭಾನುವಾರ ಪಂದ್ಯಕ್ಕೆ ಬರ್ತೀನಿ. ಎಲ್ಲರೆದುರೇ ಮಗನೇ ಅಂತ ಕರೀತೀನಿ. ಅವನಿಗೆ ಹೇಳು."

ಸುಲ್ಮ ಹೇಳಿದಳು. ಪ್ರತಿ ಹೆಸರಿಗೂ ಹದಿನಾರು ಮನೆ ಕೊಟ್ಟಳು. ಭಾನುವಾರ ಎಚೆವೆರ್ರಿಗರಾಯ್ ಬೇರೆಯಾಗಿ ಬೆಳಗಿತು, ಲೆಮಾ ಬೇರೆಯಾಗಿ. ದಾರ್ದೊ ಆಡುತ್ತ ಆಡುತ್ತ ಜನ ಕೂತ ಮೆಟ್ಟಿಲುಗಳ ಕಡೆ ನೋಡುತ್ತಿದ್ದ. ಎವಾರಿಸ್ತೊ ಹೆಂಡತಿಯ ಪಕ್ಕದಲ್ಲಿ ಕೂತಿದ್ದ.

ಪಂದ್ಯ ಮುಗಿಯಲು ಇನ್ನೊಂದು ನಿಮಿಷವಿದ್ದಾಗ ದಾರ್ದೊ ದೂರದಿಂದ ಎಸೆದ ಚೆಂಡು ಬುಟ್ಟಿಯೊಳಗೆ ಬಿತ್ತು. ಎವಾರಿಸ್ತೊ ಎದ್ದು ನಿಂತ. ಗದ್ದಲವೆಲ್ಲ ತಾನಾಗಿ ಅಡಗಿತು. ದಾರ್ದೊ ಅಂಗಳದ ನಡುವೆಯೇ ನಿಂತು ಮುಖ ಎತ್ತಿದ. ಹೇಳೋ, ಹೇಳಿಬಿಡೋ ಎಂದು ನಾನು ಸೌಟು ಗಟ್ಟಿಯಾಗಿ ಹಿಡಿದುಕೊಂಡೆ. ಎವಾರಿಸ್ತೊ ಬಾಯಿ ತೆರೆದ, ಹೆಂಡತಿಯ ಕಡೆ ನೋಡಿದ, ಬೋರ್ಡಿನ ಕಡೆ ನೋಡಿದ.

"ಶಭಾಷ್, ಲೆಮಾ!" ಎಂದು ಕೂಗಿ ಕೂತುಬಿಟ್ಟ.

ದಾರ್ದೊ, ಚಪ್ಪಾಳೆ ತಟ್ಟಿದ ಯಾರಿಗಾದರೂ ಮಾಡುವ ಹಾಗೆ, ಅವನತ್ತಲೂ ಒಂದು ಕೈಯೆತ್ತಿ, ತನ್ನ ಜಾಗಕ್ಕೆ ಓಡಿದ.