ಸ್ವಾಮಿಗಳೆದುರು ಕಳ್ಳ ಸ್ವಾಮಿಯ ಹಾಡು

ಇಳಕಲ್ಲಿನಲ್ಲಿ ತಂಗಿಯ ಮದುವೆ. ನಮ್ಮ ಮಠದ ಸ್ವಾಮಿಗಳು ವೇದಿಕೆಯ ಮೇಲೆ ಕೂರುತ್ತಿದ್ದಂತೆಯೇ ಬ್ಯಾಂಡಿನ ಹಾಡುಗಾರ, ಕಾವಿ ತೊಟ್ಟು ಭಕ್ತರಿಗೆ ಟೋಪಿ ಹಾಕುವ ಕಳ್ಳ ಸ್ವಾಮಿಯನ್ನು ಗೇಲಿ ಮಾಡುವ ಜನಪದ ಹಾಡು ಶುರು ಮಾಡಿಬಿಟ್ಟ. ಅಪ್ಪ ಬೆವತುಹೋದರು. ನಾನು ಓಡಿಹೋಗಿ ಮೈಕ್ ಕಸಿದುಕೊಂಡೆ.

ಸ್ವಾಮಿಗಳು ನನ್ನತ್ತ ಕೈಯೆತ್ತಿದರು. "ತಮ್ಮಾ, ನಿಲ್ಲಸಬ್ಯಾಡೋ! ನಿಲ್ಲಿಸಿದ್ರ, ಅದು ನನ್ನ ಮ್ಯಾಲೇ ಕಟ್ಟಿದ್ದು ಅಂತ ಮಂದಿ ತಿಳ್ಕೋತಾರ."

ಮಂಟಪವೆಲ್ಲ ನಗು. ಹೆದರಿದ್ದ ಹಾಡುಗಾರ, "ಮುಂದಿನ ನುಡಿ ಮರ್ತೇ ಹೋತ್ರಿ ಅಜ್ಜಾರ" ಎಂದ. ಸ್ವಾಮಿಗಳೇ ತೊಡೆಯ ಮೇಲೆ ತಾಳ ಹಾಕುತ್ತ ಅದನ್ನು ಹಾಡಿ ಮುಗಿಸಿದರು.

ಈಗ ಇಂಥ ಹಾಡು ಕೇಳಿ ಯಾರಾದರೂ ಸಿಡುಕಿದರೆ ನನಗೆ ನಗು ಬರುತ್ತದೆ. ನಾನೇ ಸಿಡುಕಿದರೆ ಮಾತ್ರ ಸ್ವಲ್ಪ ಭಯವಾಗುತ್ತದೆ.