ಪ್ರಾರ್ಥನೆಯಲ್ಲಿ ಸುಗುಣತ್ತೆಯ ಹೆಸರು

ಜೆ.ಪಿ. ನಗರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ, ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿಯೊಂದು ನಿಲ್ಲುತ್ತದೆ. ಒದ್ದೆ ಹತ್ತಿ ಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಓಡಿದಾಗ ಏಳುವ ಬಿಸಿ ವಾಸನೆ ಮೂಗಿಗೆ ತಾಗಿದರೆ ಸಾಕು, ತರಕಾರಿ ಚೀಲ ಹಿಡಿದು ನಿಂತ ನನ್ನ ಎದೆ ಇವತ್ತಿಗೂ ಧಸಕ್ಕೆನ್ನುತ್ತದೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು, ಇದ್ದಕ್ಕಿದ್ದಂತೆ ಬಂದು ಹಳೆಯ ಮನೆಯ ಬಾಗಿಲು ತೆಗೆಯುವಂಥದ್ದು. ನನ್ನದು ತೆಗೆಯುವುದು ಭಯದ ಬಾಗಿಲನ್ನು.

ಜಯನಗರದ ನಮ್ಮ ಹಳೆಯ ಮನೆಯಲ್ಲಿ ಶನಿವಾರವೆಂದರೆ ಗಾಯದ ಪಟ್ಟಿ ಸುತ್ತುವ ದಿನ. ಅಜ್ಜಿ ಹಳೆಯ ಪಂಚೆ, ಸೀರೆಗಳನ್ನು ಹಂಡೆಯಲ್ಲಿ ಕುದಿಸಿ, ಒಣಗಿಸಿ, ಉದ್ದುದ್ದ ಹರಿದು, ಇಸ್ತ್ರಿ ಮಾಡಿ ಕೊಡುತ್ತಿದ್ದಳು. ನಾನು ತೊಡೆಯ ಮೇಲೆ ಉರುಳಿಸುತ್ತ ಸುತ್ತುತ್ತಿದ್ದೆ. ಸಡಿಲವಾದರೆ ಬಿಚ್ಚಿಸುತ್ತಿದ್ದಳು. ಆ ಪಟ್ಟಿಗಳು ಚರ್ಚಿನ ಮೂಲಕ ಆಫ್ರಿಕಾದ ಒಂದು ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದವು. ಅಲ್ಲಿ ಅಪ್ಪನ ತಂಗಿ ಸುಗುಣತ್ತೆ ನರ್ಸಾಗಿದ್ದಳು. ಅಜ್ಜಿ ತಬ್ಬಲಿ ಕೂಸಾಗಿದ್ದಾಗ ಹಡಗಿನಲ್ಲಿ ಬಂದ ಮಿಷನ್ ದೊರೆಸಾನಿಯೊಬ್ಬರು ಅವಳನ್ನು ಬೋರ್ಡಿಂಗಿನಲ್ಲಿಟ್ಟು ಸಾಕಿ ಓದಿಸಿದ್ದರಂತೆ. ಹಾಗಾಗಿ ಮಗಳು "ನಾನೂ ಹೋಗ್ತೀನಮ್ಮ" ಎಂದಾಗ ಬೇಡವೆನ್ನಲು ಅಜ್ಜಿಗೆ ಬಾಯಿ ಬರಲಿಲ್ಲ. ಹೊರಡುವಾಗ ಅತ್ತೆ ಹಸಿರು ಅಂಚಿನ ಬಿಳಿ ಸೀರೆಯೊಂದನ್ನು ಬೀರುವಿನಲ್ಲೇ ಬಿಟ್ಟಳು, ಬಂದಾಗ ಉಡಲು ಬೇಕಲ್ಲ ಎಂದು.

ಆಮೇಲೆ ಆ ದೇಶದಲ್ಲಿ ಕಾದಾಟ ಶುರುವಾಯಿತು. ಅತ್ತೆಯ ಫೋನು ಬರುವುದು ನಿಂತಿತು. ಅಂದಿನಿಂದ ಸಂಜೆಯ ಕುಟುಂಬ ಪ್ರಾರ್ಥನೆಯೆಂದರೆ ನನಗೆ ದಿಗಿಲು. ನಮ್ಮ ಚರ್ಚಿನ ಪದ್ಧತಿಯಲ್ಲಿ ಬದುಕಿರುವವರಿಗಾಗಿ ಮಾತ್ರ ಪ್ರಾರ್ಥಿಸುತ್ತಾರೆ. ತೀರಿಕೊಂಡವರು ದೇವರ ಬಳಿಯೇ ಇರುವಾಗ ಅವರಿಗಾಗಿ ಬೇಡುವುದೇನಿದೆ ಎನ್ನುತ್ತಾರೆ. ತಾತನ ಹೆಸರು ಹಾಗೆಯೇ ಒಂದು ಸಂಜೆ ನಿಂತುಹೋಗಿತ್ತು. ಮೊಣಕಾಲೂರಿದ ಅಜ್ಜಿ ಕಾಯಿಲೆಯವರು, ಪ್ರಯಾಣದಲ್ಲಿರುವವರು ಎಂದು ಮುಂದುವರಿಯುತ್ತಿದ್ದರೆ ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ. "ನಮ್ ಸುಗುಣನ್ನ ಕಾಪಾಡು ತಂದೆ" ಎಂದ ಮೇಲೆಯೇ ಬಿಡುತ್ತಿದ್ದೆ. ಅಜ್ಜಿ ಅವಳ ಹೆಸರು ಹೇಳುತ್ತಿರುವವರೆಗೂ ಅತ್ತೆ ಸಾಯುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದೆ.

ಒಂದು ಮಧ್ಯಾಹ್ನ ಚರ್ಚಿನ ಪಾದ್ರಿ ಅಯ್ಯನವರು ಬಂದು, ಕೊಟ್ಟ ಕಾಫಿ ಮುಟ್ಟದೆ ಕೂತರು.

"ಆಸ್ಪತ್ರೆಗೆ ಬೆಂಕಿ ಇಟ್ಟಿದ್ದಾರಂತೆ ಅಮ್ಮ. ಒಳಗಿದ್ದೋರು ಯಾರೂ ಉಳಿದಿಲ್ವಂತೆ."

"ಕಣ್ಣಾರೆ ನೋಡಿದೋರು ಯಾರಾದ್ರೂ ಇದ್ದಾರಾ ಅಯ್ಯನೋರೆ?" ಅಜ್ಜಿ ಕೇಳಿದಳು. ಅವರು ಇಲ್ಲವೆಂದು ತಲೆಯಾಡಿಸಿದರು.

ಅಂದು ಸಂಜೆಯೂ ಅಜ್ಜಿ ಅತ್ತೆಯ ಹೆಸರು ಬಿಡಲಿಲ್ಲ. ಆಮೇಲೆ ಎಷ್ಟೋ ತಿಂಗಳು ಬಿಡಲಿಲ್ಲ. ಆಮೆನ್ ಹೇಳುವ ಮುಂಚೆ ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಪಟ್ಟಿಗಳು ಬೇರೊಂದು ಮಿಷನ್ ಆಸ್ಪತ್ರೆಗೆ ಹೋಗತೊಡಗಿದವು. ಇಸ್ತ್ರಿ ಮಾಡುತ್ತ ಒಮ್ಮೆ ಮಾತ್ರ ಅಜ್ಜಿ ಹೇಳಿದಳು: "ನಮ್ ದೊರೆಸಾನಿನ ಹಡಗು ಹತ್ತಿಸಿದ ತಾಯಿನೂ ಹಿಂಗೇ ಹೆದರ್ಕೊಂಡು ಕೂತಿದ್ಲೇನೋ ಕಣೇ. ಒಂದ್ ದಿನಾನೂ ಆಕೇನ ನೆನೆಸ್ಕೊಂಡಿರ್ಲಿಲ್ಲ ನಾನು."

ಒಂದು ಶನಿವಾರ ಸ್ಕೂಲಿನಿಂದ ಬಂದಾಗ ಗೇಟಿನಲ್ಲೇ ಬಿಸಿ ಹತ್ತಿಯ ವಾಸನೆ ಬಂತು. ಒಳಗೆ ಬೀರುವಿನ ಬಾಗಿಲು ತೆರೆದಿತ್ತು. ಅಜ್ಜಿ ಇಸ್ತ್ರಿ ಮಾಡುತ್ತಿದ್ದ ಬಟ್ಟೆಗೆ ಹಸಿರು ಅಂಚು.

"ಅಜ್ಜಿ, ಅದು ಅತ್ತೆದು."

"ಹೂಂ. ಯಾರ ಗಾಯಕ್ಕಾದ್ರೂ ಆಗುತ್ತೆ. ಬಿಗಿಯಾಗಿ ಸುತ್ತು" ಎಂದು ಅಂಚನ್ನು ಬೇರೆಯಾಗಿ ಹರಿದು ಪಕ್ಕಕ್ಕಿಟ್ಟಳು. ಅವತ್ತು ಹೊಸ ಸುದ್ದಿಯೇನೂ ಬಂದಿರಲಿಲ್ಲ. ಸಂಜೆ ಮೊಣಕಾಲೂರಿದೆವು. ಕಾಯಿಲೆಯವರಾದರು, ಪ್ರಯಾಣದಲ್ಲಿರುವವರಾದರು. ಸುಗುಣತ್ತೆಯ ಹೆಸರು ಬರಬೇಕಾದ ಜಾಗ ಅದು. ಅಜ್ಜಿ ಅಲ್ಲಿ ನನ್ನ ಹೆಸರು ಹೇಳಿದಳು. ನಾನು ಕಣ್ಣು ತೆರೆದುಬಿಟ್ಟೆ, ಅಪ್ಪನೂ ತೆರೆದಿದ್ದರು.

ಆ ಮನೆ ಈಗಿಲ್ಲ. ಅಲ್ಲೊಂದು ಕಣ್ಣಿನ ಕ್ಲಿನಿಕ್ ಇದೆ. ಅಜ್ಜಿ, ಅಪ್ಪ ಇಬ್ಬರ ಹೆಸರೂ ಒಂದಾದ ಮೇಲೊಂದು ಪ್ರಾರ್ಥನೆಯಿಂದ ಹೋದವು. ಸುಗುಣತ್ತೆಗೆ ಸಮಾಧಿಯಿಲ್ಲ. ಆ ಹಸಿರು ಅಂಚು ನನ್ನ ಬೈಬಲಿನಲ್ಲಿದೆ, ಮಾಸಿ ಬೂದುಬಣ್ಣವಾಗಿದೆ. ಮಗಳು ಮೆಟ್ರೋ ಇಳಿದು ಬರುವುದು ತಡವಾಗಿ, ಫೋನೂ ಎತ್ತದಿದ್ದಾಗ ನಾನು ಅವಳಿಗೆ ಕಾಯದೆ ಮೊಣಕಾಲೂರುತ್ತೇನೆ. ಕಾಯಿಲೆಯವರಾಗುತ್ತಾರೆ, ಪ್ರಯಾಣದಲ್ಲಿರುವವರಾಗುತ್ತಾರೆ. ಅಲ್ಲಿಗೆ ಬಂದಾಗ ಉಸಿರು ತಾನಾಗಿ ಬಿಗಿಯುತ್ತದೆ, ಮಗಳ ಹೆಸರನ್ನು ಅಜ್ಜಿ ಹೇಳಲಿ ಎಂದು ಕಿವಿ ಕಾಯುತ್ತದೆ. ಹೇಳಬೇಕಾದವಳು ಈಗ ನಾನೇ.