ಸರಾಸರಿಗೆ ಎರಡು ಲೋಟ

ಬೆಳಗಿನ ಐದೂವರೆ. ಊಟದ ಕೋಣೆಯ ಎರಡು ಟ್ಯೂಬ್‌ಲೈಟ್‌ಗಳಲ್ಲಿ ಒಂದು ಹೊತ್ತಿಕೊಂಡಿದೆ, ಇನ್ನೊಂದು ಹೊತ್ತಲೋ ಬೇಡವೋ ಎಂದು ಮಿಣಮಿಣ ಎನ್ನುತ್ತಿದೆ. ಸನ್ನೆಯಕ್ಕ ಸ್ಟೂಲು ಹತ್ತಿ ಅದನ್ನು ಒಮ್ಮೆ ತಿರುವಿ ನೋಡುತ್ತಾರೆ, ಮೆಲ್ಲಗೆ ಬೈಯುತ್ತಾರೆ, ಇಳಿಯುತ್ತಾರೆ. ಬೇರೆ ಶಾಲೆಯ ಮಕ್ಕಳಾದರೆ ಮಬ್ಬಿನಲ್ಲೂ ಬಾಯಿಪಾಠ ಒಪ್ಪಿಸಿಯಾರು. ಈ ಶಾಲೆಯಲ್ಲಿ ಮಾತೆಲ್ಲ ಕೈಯಲ್ಲಿ. ಕೈ ಕಾಣದಿದ್ದರೆ ಪಾಠವೇ ಇಲ್ಲ.

ಉದ್ದ ಮೇಜಿನ ಸುತ್ತ ಎಂಟನೆಯ ತರಗತಿಯ ಏಳು ಮಕ್ಕಳು ಕೂತಿದ್ದಾರೆ. ಯಾರಿಗೂ ಕಿವಿ ಕೇಳಿಸದು. ಇವತ್ತು ಗಣಿತದ ಪಬ್ಲಿಕ್ ಪರೀಕ್ಷೆ, ಅದೂ ಊರಾಚೆಯ ಬೇರೊಂದು ಶಾಲೆಯಲ್ಲಿ. ಇದರಲ್ಲಿ ಪಾಸಾದರೆ ಕಿವುಡ ಮಕ್ಕಳ ಹೈಸ್ಕೂಲಿನಲ್ಲಿ ಸೀಟು. ಅಂಥ ಹೈಸ್ಕೂಲು ಸುತ್ತಮುತ್ತ ಇರುವುದು ಒಂದೇ ಒಂದು. ಅದು ತಪ್ಪಿದರೆ ಈ ಮಕ್ಕಳ ಓದು ಎಂಟಕ್ಕೇ ಮುಗಿದಂತೆ. ಏಳು ಮಂದಿಯಲ್ಲಿ ಎಲ್ಲರಿಗಿಂತ ಕುಳ್ಳಗಿರುವ, ಎಲ್ಲರಿಗಿಂತ ಹೆಚ್ಚು ಕೈ ಆಡಿಸುವ ಹುಡುಗಿ ಸನ್ನೆಯಕ್ಕನ ತಮ್ಮನ ಮಗಳು. ಗಾತ್ರಕ್ಕೂ ಖಾರಕ್ಕೂ ಸೇರಿಸಿ ಅವಳನ್ನು ಎಲ್ಲರೂ ಮೆಣಸು ಎನ್ನುತ್ತಾರೆ.

ಗೋಡೆಗೆ ಒರಗಿಸಿಟ್ಟ ರಟ್ಟಿನ ಮೇಲೆ ಲೆಕ್ಕದ ಮೇಷ್ಟ್ರು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ ಪದಗಳಿವೆ: ಅಂಶ, ಛೇದ, ಪರಿಧಿ, ವ್ಯಾಸ, ತ್ರಿಜ್ಯ, ಗುಣಲಬ್ಧ, ವಿಲೋಮ, ಚರಾಕ್ಷರ. ಕಟ್ಟಕಡೆಯಲ್ಲಿ ಸರಾಸರಿ. ಸನ್ನೆಯಕ್ಕ ಒಂದೊಂದನ್ನೇ ಬೆರಳಿಟ್ಟು ತೋರಿಸುತ್ತಾರೆ, ಮಕ್ಕಳು ಕೈಯಲ್ಲಿ ಹೇಳುತ್ತಾರೆ. ತಪ್ಪಿದವರ ಮುಂದೆ ಮೇಜನ್ನು ತಟ್ಟುತ್ತಾರೆ. ಸದ್ದು ಕೇಳದಿದ್ದರೂ ಮರದ ಅದುರು ಮೊಣಕೈಗೆ ತಾಗುತ್ತದೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂದು ನಗುವವರು ನಗಲಿ. ಈ ಮಕ್ಕಳ ಶಸ್ತ್ರವನ್ನೇ ಕಿತ್ತುಕೊಂಡು ಬೇರೆಯದನ್ನು ಕೈಗೆ ಕೊಟ್ಟು ಇನ್ನೂ ಒಂದು ತಿಂಗಳಾಗಿಲ್ಲ.

ಸರಾಸರಿಗೆ ಬರುವ ಹೊತ್ತಿಗೆ ಹೊರಗೆ ವ್ಯಾನು ಬಂದು ನಿಲ್ಲುತ್ತದೆ. ಸನ್ನೆಯಕ್ಕ ಎರಡು ಲೋಟ ಹಿಡಿದಂತೆ ಕೈ ಎತ್ತಿ, ಒಂದರಿಂದ ಇನ್ನೊಂದಕ್ಕೆ ಬಗ್ಗಿಸಿ, ಅಂಗೈಯನ್ನು ಅಡ್ಡಡ್ಡ ಸವರುತ್ತಾರೆ. ಏಳೂ ಮಕ್ಕಳು ನಕ್ಕು ಹಾಗೇ ಮಾಡುತ್ತಾರೆ. ಯಾವಾಗಲೂ ತಡವರಿಸುವ ಗುಂಡನಿಗೂ ಇದು ಸಲೀಸು. "ಇದು ಬಿಡಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾರೆ" ಎಂದು ಸನ್ನೆಯಕ್ಕ ರಟ್ಟನ್ನು ಮಡಚಿಡುತ್ತಾರೆ.

ಸನ್ನೆಯಕ್ಕ ಈ ಶಾಲೆಗೆ ಸೇರಿದ್ದು ಹಾಸ್ಟೆಲ್ಲಿನ ಆಯಾ ಆಗಿ. ಇವತ್ತಿಗೂ ಹಾಜರಿ ಪುಸ್ತಕದಲ್ಲಿ ಅದೇ ಹುದ್ದೆ. ಹಾಸಿಗೆ ಒದರುವುದು, ಜ್ವರ ಬಂದವರ ಪಕ್ಕ ಕೂರುವುದು, ಹೇನು ತೆಗೆಯುವುದು. ಸನ್ನೆ ಬಂದದ್ದು ಮನೆಯಿಂದ. ಅವರ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು. ಅವನ ಜೊತೆ ಮಾತಾಡಲು ಮನೆಯಲ್ಲಿ ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ, ಅಕ್ಕನಿಗೆ ಬೇರೆ ಜೊತೆಯಿರಲಿಲ್ಲ.

"ನಮ್ಮ ತಮ್ಮ ದಡ್ಡ ಅಲ್ಲ. ಅಂಗಡಿಗೆ ಹೋಗಿ ಚಿಲ್ಲರೆ ತಪ್ಪದೆ ತರ್ತಿದ್ದ. ಆದ್ರೆ ಭಿನ್ನರಾಶಿ ಬಂದಾಗ ಛೇದ ಅಂದ್ರೆ ಏನು ಅಂತ ಅವನಿಗೆ ಯಾರೂ ಹೇಳ್ಲೇ ಇಲ್ಲ. ಮೇಷ್ಟ್ರು ಬೋರ್ಡ್ ಕಡೆ ತಿರುಗಿ ಹೇಳ್ತಿದ್ರು. ಇವನಿಗೆ ಕಂಡಿದ್ದು ಅವರ ಬೆನ್ನು ಮಾತ್ರ. ಬೆನ್ನಿಂದ ಯಾರಾದ್ರೂ ಏನು ಕಲೀತಾರೆ ಹೇಳಿ?" ಅವರ ದನಿಯಲ್ಲಿ ಈಗ ಸಿಟ್ಟೂ ಉಳಿದಿಲ್ಲ. ಆ ತಮ್ಮ ಇಂದು ಮಿಲ್ಲಿನಲ್ಲಿ ಗೋಣಿಚೀಲ ಹೊಲಿಯುತ್ತಾನೆ. ಅವನ ಮಗಳಿಗೂ ಕಿವಿ ಕೇಳದೆಂದು ಗೊತ್ತಾದ ದಿನ ಆತ ಮಗುವನ್ನು ತಂದು ಅಕ್ಕನ ಮಡಿಲಲ್ಲಿ ಇಟ್ಟು, ಒಂದೇ ಒಂದು ಸನ್ನೆ ಮಾಡಿದನಂತೆ: ನನ್ನ ಹಾಗೆ ಬೇಡ.

ಲೆಕ್ಕದ ಮೇಷ್ಟ್ರು ಒಳ್ಳೆಯವರೇ. ನಿವೃತ್ತಿಯ ಅಂಚಿನಲ್ಲಿದ್ದಾರೆ, ಸನ್ನೆ ಮಾತ್ರ ಅವರ ಪಾಲಿಗೆ ಕಬ್ಬಿಣದ ಕಡಲೆ. ವರ್ಷಗಳ ಹಿಂದೆ ಒಂದು ಸಂಜೆ ಅವರೇ ಬಂದು, "ತಾಯೀ, ಕೂಡೋದು ಕಳೆಯೋದು ಹೇಗೋ ತೋರಿಸಿಬಿಡ್ತೀನಿ. ಈ ಪದಗಳನ್ನ ಹೇಗೆ ತೋರಿಸ್ಲಿ? ಪದ ತಿಳಿದ್ರೆ ಅರ್ಧ ಲೆಕ್ಕ ಮುಗಿದ ಹಾಗೆ" ಎಂದಿದ್ದರು. ಆ ಪದಗಳಿಗೆ ಈ ಶಾಲೆಯಲ್ಲಿ ಸನ್ನೆಗಳೇ ಇರಲಿಲ್ಲ. ಇಲ್ಲದ್ದನ್ನು ಕಟ್ಟಬೇಕಿತ್ತು.

ಸನ್ನೆಯಕ್ಕ ಕಟ್ಟಿದ್ದು ಹಾಸ್ಟೆಲ್ಲಿನ ಸಾಮಾನಿನಿಂದಲೇ. ಮಹಡಿ ಮಂಚದಲ್ಲಿ ಮೇಲೆ ಮಲಗುವವನು ಅಂಶ, ಕೆಳಗೆ ಮಲಗುವವನು ಛೇದ. ಛೇದಕ್ಕೆ ಅಂಗೈ ಮೇಲೆ ಮಾಡಿ ಭಾರ ಹೊತ್ತವರ ಮುಖ ಮಾಡಬೇಕು. ತಟ್ಟೆಯ ಅಂಚಿನ ಮೇಲೆ ಬೆರಳು ಓಡಿಸಿದರೆ ಪರಿಧಿ, ತಟ್ಟೆಯ ಮೇಲೆ ಅಡ್ಡ ಚಮಚ ಇಟ್ಟರೆ ವ್ಯಾಸ. ಊರಿಗೆ ಹೋದ ಹುಡುಗನ ಖಾಲಿ ಕುರ್ಚಿ ತಟ್ಟಿದರೆ ಚರಾಕ್ಷರ, ಅಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ಸರಾಸರಿಯನ್ನು ಹುಡುಕಿದ್ದು ಮಾತ್ರ ಮೆಣಸು. ದಿನಾ ಸಂಜೆ ಅತ್ತೆ ಹಾಲು ಹಂಚುವಾಗ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆದರೆ ಲೋಟದಿಂದ ಲೋಟಕ್ಕೆ ಬಗ್ಗಿಸಿ ಸಮ ಮಾಡುವುದನ್ನು ಅವಳು ನೋಡಿದ್ದಳು. ಮೇಷ್ಟ್ರು ಬೋರ್ಡಿನ ಮೇಲೆ ಸರಾಸರಿಯ ಲೆಕ್ಕ ಬಿಡಿಸುತ್ತಿದ್ದಾಗ ಎದ್ದು ನಿಂತು, ಎರಡು ಲೋಟ ಎತ್ತಿ ಬಗ್ಗಿಸಿ ತೋರಿಸಿದಳು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಚಪ್ಪಾಳೆ ಹೊಡೆದರಂತೆ, ಆ ತರಗತಿಯಲ್ಲಿ ಚಪ್ಪಾಳೆ ಯಾರಿಗೂ ಕೇಳದೆಂಬುದನ್ನು ಮರೆತು.

ಇಷ್ಟು ವರ್ಷ ಪರೀಕ್ಷೆಯ ಕೋಣೆಯಲ್ಲಿ ಮಕ್ಕಳ ಮುಂದೆ ನಿಂತು ಪ್ರಶ್ನೆಗಳನ್ನು ಸನ್ನೆಯಲ್ಲಿ ಹೇಳುತ್ತಿದ್ದವರೂ ಸನ್ನೆಯಕ್ಕನೇ. ಈ ವರ್ಷ ಹಾಗಿಲ್ಲ. ಪರೀಕ್ಷೆ ಬರೆಯುವ ಮಗುವಿನ ಸಂಬಂಧಿಕರು ದುಭಾಷಿ ಆಗುವಂತಿಲ್ಲ ಎಂಬುದು ನಿಯಮ. ಮೆಣಸು ಬರೆಯುತ್ತಿರುವುದರಿಂದ ಅತ್ತೆ ಹೊರಗೆ. "ನಿಯಮ ಸರಿಯಾಗೇ ಇದೆ. ನಮ್ಮ ಮಗು ಕೂತಿರೋ ಕಡೆ ನಾನು ಕೈ ಆಡಿಸಿದ್ರೆ ಯಾರು ತಾನೇ ನಂಬ್ತಾರೆ? ನಾನೇ ನಂಬಲ್ಲ" ಎನ್ನುತ್ತಾರೆ ಅವರು.

ಆದರೆ ಹೊರಗಿನಿಂದ ಬರುವ ದುಭಾಷಿಗೆ ಮಹಡಿ ಮಂಚ, ತಟ್ಟೆ, ಲೋಟ ಯಾವುದೂ ಗೊತ್ತಿಲ್ಲ. ಆಕೆ ಕಲಿತದ್ದು ಇಲಾಖೆಯ ಚಿತ್ರಪುಸ್ತಕದ ಸನ್ನೆ. ಆ ಪುಸ್ತಕ ಶಾಲೆಗೆ ಬಂದದ್ದು ಪರೀಕ್ಷೆಗೆ ತಿಂಗಳಿದ್ದಾಗ. ಹಾಗಾಗಿ ಸನ್ನೆಯಕ್ಕ ಈ ಒಂದು ತಿಂಗಳು ಮಾಡಿದ ಕೆಲಸ ಕಲಿಸುವುದಲ್ಲ, ಅಳಿಸುವುದು. ತಾವೇ ಕಟ್ಟಿದ ಒಂದೊಂದು ಪದವನ್ನೂ ಮಕ್ಕಳ ಕೈಯಿಂದ ಬಿಡಿಸಿ ಪುಸ್ತಕದ ಪದವನ್ನು ಇಡುವುದು. ಮಕ್ಕಳು ಹಳೆಯದನ್ನೇ ಮಾಡಿದರೆ ಮೇಜು ತಟ್ಟುವುದು. "ಸ್ವಂತ ಕೂಸಿನ ಹೆಸರು ಬದಲಾಯಿಸಿದ ಹಾಗೆ ಆಗ್ತಿತ್ತು. ಕರೆದ್ರೆ ನಾವೇ ತಿರುಗಿ ನೋಡಲ್ಲ." ಮಕ್ಕಳಿಗೆ ತೊಡಕಾಗಿದ್ದ ಪದಗಳನ್ನು ಅವರು ಮೊದಲು ಹಿಡಿದರು. ಎಲ್ಲರಿಗೂ ಚೆನ್ನಾಗಿ ಬರುತ್ತಿದ್ದುದನ್ನು ಕೊನೆಗೆ ಇಟ್ಟರು. ಅದು ಯಾವ ಪದವೆಂದು ಬೆಳಗ್ಗೆಯೇ ಕಂಡಿದ್ದೇವೆ.

ಅಚ್ಚಾದ ಪ್ರಶ್ನೆಯನ್ನು ಮಕ್ಕಳೇ ಓದಿಕೊಳ್ಳಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಕೆಲವರು ಓದಿಕೊಳ್ಳುತ್ತಾರೆ, ಮೆಣಸಿನಂಥವರು. ಆದರೆ ಒಂದು ಪದವನ್ನು ಹುಟ್ಟಿದಾಗಿನಿಂದ ಒಮ್ಮೆಯೂ ಕೇಳಿರದ ಗುಂಡನಿಗೆ ಅಚ್ಚಿನ ಪದ ಒಂದು ಚಿತ್ರ ಅಷ್ಟೇ. ಚಿತ್ರ ಮಸುಕಾದಾಗ ಅವನು ಕೈ ನೋಡಿಯೇ ತಿಳಿಯಬೇಕು.

ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ, ಕಾಂಪೌಂಡ್ ಗೋಡೆಯ ಒಂದು ಚೂರು ನೆರಳಿನಲ್ಲಿ ಸನ್ನೆಯಕ್ಕ ಕೂತಿದ್ದಾರೆ. ವ್ಯಾನಿನಿಂದ ಇಳಿಯುವಾಗ ಮಕ್ಕಳಿಗೆ ಅವರು ಹೇಳಿದ ಕೊನೆಯ ಮಾತು, ಒಳಗೆ ಕೈ ಸುಮ್ಮನಿರಲಿ. ಬೇರೆ ಮಕ್ಕಳು ಪಿಸುಗುಟ್ಟಿದರೆ ಪಕ್ಕದವರಿಗಷ್ಟೇ ಕೇಳುತ್ತದೆ. ಇವರು ಪಿಸುಗುಟ್ಟಿದರೆ ಇಡೀ ಕೋಣೆಗೆ ಕಾಣುತ್ತದೆ. ಸನ್ನೆಯಕ್ಕ ಕೂತಲ್ಲೇ ಬೆರಳು ಮಡಚಿ ತಾವು ಬದಲಾಯಿಸಿದ ಪದಗಳನ್ನು ಎಣಿಸುತ್ತಿದ್ದಾರೆ. ಇದ್ದಕ್ಕಿದ್ದಂತೆ ಬೆರಳು ನಿಲ್ಲುತ್ತದೆ. "ಸರಾಸರಿ" ಎಂದು ಬಾಯಿಬಿಟ್ಟು ಹೇಳುತ್ತಾರೆ. "ಅದರ ಪುಸ್ತಕದ ಸನ್ನೆ ನಾನು ಹೇಳ್ಕೊಡ್ಲೇ ಇಲ್ಲ. ಬರುತ್ತೆ ಬರುತ್ತೆ ಅಂದ್ಕೊಂಡು ಬಿಟ್ಟೇಬಿಟ್ಟೆ." ಎದ್ದು ಗೇಟಿನವರೆಗೆ ಹೋಗುತ್ತಾರೆ, ಕಾವಲುಗಾರ ಆಗದೆಂದು ತಲೆಯಾಡಿಸುತ್ತಾನೆ, ವಾಪಸು ಬಂದು ಕೂರುತ್ತಾರೆ.

ಸಮಯ ಮುಗಿಯುವ ಮೊದಲೇ ಹೊರಗೆ ಬಂದವಳು ಒಬ್ಬಳೇ, ಮೆಣಸು. ಅವಳ ಹಿಂದೆ, ಶಾಲೆಯ ಪರವಾಗಿ ಕೇಂದ್ರದೊಳಗಿದ್ದ ಲೆಕ್ಕದ ಮೇಷ್ಟ್ರು, ಮುಖ ಸಣ್ಣದು ಮಾಡಿಕೊಂಡು. ಒಳಗೆ ನಡೆದದ್ದು ಇಷ್ಟು. ಗುಂಡ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟು ದುಭಾಷಿಯನ್ನು ಕರೆದಿದ್ದಾನೆ. ಆಕೆ ಸರಾಸರಿ ಎಂದು ಪುಸ್ತಕದ ಸನ್ನೆ ಮಾಡಿದ್ದಾಳೆ, ಮತ್ತೆ ಮತ್ತೆ ಮಾಡಿದ್ದಾಳೆ. ಅವನಿಗೆ ತಲೆಬುಡ ತಿಳಿದಿಲ್ಲ, ಕಣ್ಣಲ್ಲಿ ನೀರು ಬಂದಿದೆ. ಪಕ್ಕದ ಸಾಲಿನಲ್ಲಿದ್ದ ಮೆಣಸು ಪೆನ್ನು ಕೆಳಗಿಟ್ಟು, ಎರಡು ಲೋಟ ಎತ್ತಿ, ಒಂದರಿಂದ ಒಂದಕ್ಕೆ ಬಗ್ಗಿಸಿ, ಅಂಗೈ ಸವರಿದ್ದಾಳೆ. ಮೇಲ್ವಿಚಾರಕರು ಬಂದು ಅವಳ ಉತ್ತರಪತ್ರಿಕೆಯನ್ನು ಎತ್ತಿಕೊಂಡಿದ್ದಾರೆ.

ಮೇಷ್ಟ್ರು ವಾದಿಸಿದ್ದಾರೆ. ಮೇಲ್ವಿಚಾರಕರೂ ಕೆಟ್ಟವರಲ್ಲ. "ನನಗೆ ಆ ಭಾಷೆ ಬರಲ್ಲ ಸಾರ್. ಕೈ ಆಡಿದ್ದು ಕಣ್ಣಾರೆ ಕಂಡೆ, ಕಂಡಿದ್ದನ್ನ ಬರೆದಿದೀನಿ" ಎಂದಿದ್ದಾರೆ. ದುಭಾಷಿಯನ್ನು ಕೇಳಿದರೆ ಆಕೆ ತಾನೇ ಏನು ಹೇಳಿಯಾಳು? ಪರೀಕ್ಷೆ ಮುಗಿಸಿ ಬಂದು ಸನ್ನೆಯಕ್ಕನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾಳೆ. "ಅಕ್ಕಾ, ಅವಳು ಏನೋ ಎತ್ತಿ ಸುರಿದ ಹಾಗೆ ಮಾಡಿದ್ಲು. ಅವನಿಗೆ ತಕ್ಷಣ ಅರ್ಥ ಆಯ್ತು, ನನಗೆ ಆಗ್ಲಿಲ್ಲ. ಅರ್ಥ ಆಗದೆ ಇರೋದಕ್ಕೆ ನಾನು ಹೇಗೆ ಸಾಕ್ಷಿ ಹೇಳ್ಲಿ?"

"ನಿನ್ನ ತಪ್ಪಿಲ್ಲಮ್ಮ. ಊಟ ಮಾಡ್ದ್ಯಾ ನೀನು?" ಎನ್ನುತ್ತಾರೆ ಸನ್ನೆಯಕ್ಕ.

ಗುಂಡ ಹೊರಗೆ ಬಂದವನೇ ಆ ಲೆಕ್ಕ ಬಿಡಿಸಿದೆ ಎಂದು ಕುಣಿಯುತ್ತ ಹೇಳುತ್ತಾನೆ. ಮೆಣಸು ಗೋಡೆಗೆ ಒರಗಿ ಕೂತಿರುವುದನ್ನು ಕಂಡ ಮೇಲೆ ಅವನ ಕೈಗಳು ಹೊಟ್ಟೆಯ ಮೇಲೆ ಬಂದು ನಿಲ್ಲುತ್ತವೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಅವರ ಭಾಷೆಯಲ್ಲಿ ಹೇಗೆ ಹೇಳುತ್ತಾರೋ, ಆ ಹೊತ್ತಿನಲ್ಲಿ ಕೇಳುವ ಧೈರ್ಯ ಯಾರಿಗೂ ಇಲ್ಲ.

ಸಂಜೆ ಊಟದ ಕೋಣೆಯಲ್ಲಿ ಮತ್ತೆ ಅದೇ ಮಿಣಮಿಣ ದೀಪ. ಮೆಣಸು ಅತ್ತೆಯ ಎದುರು ನಿಂತು ಕೇಳುತ್ತಾಳೆ: ನೀನಾಗಿದ್ದರೆ ಸುಮ್ಮನಿರುತ್ತಿದ್ದೆಯಾ? ಸನ್ನೆಯಕ್ಕ ಒಲೆಯ ಕಡೆ ತಿರುಗುತ್ತಾರೆ. ಹಾಲಿನ ಪಾತ್ರೆ ಎತ್ತಿಕೊಳ್ಳುತ್ತಾರೆ, ಲೋಟಗಳಿಗೆ ಸುರಿಯುತ್ತಾರೆ. ಒಂದು ಹೆಚ್ಚಾಗಿದೆ, ಒಂದು ಕಡಿಮೆಯಾಗಿದೆ. ಸಮ ಮಾಡಲು ಎರಡನ್ನೂ ಎತ್ತುತ್ತಾರೆ. ಎತ್ತಿದ ಕೈಗಳು ಅಲ್ಲೇ ನಿಂತುಬಿಡುತ್ತವೆ. ಸಾಲಿನಲ್ಲಿ ನಿಂತ ಸಣ್ಣ ಮಕ್ಕಳು ಏನೂ ತಿಳಿಯದೆ ಆ ಕೈಗಳನ್ನೇ ನೋಡುತ್ತಾರೆ. ಕೊನೆಗೆ ಮೆಣಸೇ ಬಂದು ಲೋಟ ಇಸಿದುಕೊಂಡು, ಬಗ್ಗಿಸಿ ಸಮ ಮಾಡಿ, ಎಲ್ಲರಿಗೂ ಹಂಚುತ್ತಾಳೆ.

ಸನ್ನೆಯಕ್ಕ ಬೆಂಚಿನ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ವರದಿ ಆಗಲೇ ಮೇಲಿನ ಕಚೇರಿಗೆ ಹೋಗಿದೆ. ಅದರಲ್ಲಿರುವುದು ಒಂದೇ ಸಾಲು, 'ಪರೀಕ್ಷಾರ್ಥಿಯು ಸನ್ನೆಯ ಮೂಲಕ ಪಕ್ಕದವನಿಗೆ ಉತ್ತರ ತಿಳಿಸಿದ್ದಾಳೆ.' ಏನಾಗುತ್ತದೋ ಗೊತ್ತಿಲ್ಲ. ಸೀಟು ಸಿಗುತ್ತದೆ ಎಂದು ಮೇಷ್ಟ್ರು ಕೂಡ ಹೇಳುತ್ತಿಲ್ಲ. ಭಾನುವಾರ ಮಿಲ್ಲಿನಿಂದ ತಮ್ಮ ಬರುತ್ತಾನೆ. ಅವನಿಗೆ ಇದನ್ನು ಕೈಯಲ್ಲೇ ಹೇಳಬೇಕು.

ಏನಾಗಬೇಕು ಅಂತ ಆಸೆ ನಿಮಗೆ ಎಂದು ಕೇಳಿದರೆ ಸನ್ನೆಯಕ್ಕ ಹಾಲು ಕುಡಿಯುತ್ತಿರುವ ಹುಡುಗಿಯ ಕಡೆ ಕೈ ತೋರಿಸುತ್ತಾರೆ.

"ಪಾಸ್ ಮಾಡಿ ಅಂತ ನಾನು ಕೇಳಲ್ಲ. ಕೈ ಆಡಿಸಿದ್ದು ಆಡಿಸಿದ್ದೇ. ಆದ್ರೆ ಆ ವರದಿಯಲ್ಲಿ ಉತ್ತರ ಅಂತ ಬರೆದಿದಾರಲ್ಲ, ಅದನ್ನ ಹೊಡೆದುಹಾಕಿ ಪದ ಅಂತ ಬರೀಲಿ. ನಮ್ಮ ಹುಡುಗಿ ಉತ್ತರ ಹೇಳ್ಕೊಡ್ಲಿಲ್ಲ. ಪದ ಹೇಳ್ಕೊಟ್ಲು."